ಜಿಂಕೆಯ ರೋಗವೂ ಜನರ ಮೌನವೂ

ಅರಸೀಕೆರೆ ತಾಲ್ಲೂಕಿನಲ್ಲಿ ಕಾವಲಿನ ಅಂಚಿಗೆ ಜಮೀನುಳ್ಳ ರೈತರೊಬ್ಬರು ಈಚೆಗೆ ಬೇರೊಂದು ಕಾರ್ಯನಿಮಿತ್ತ ನಮ್ಮ ಕಾರ್ಯಾಲಯಕ್ಕೆ ಬಂದಿದ್ದಾಗ ಮಾತಿನ ನಡುವೆ ಒಂದು ಸಂಗತಿಯನ್ನು ತಿಳಿಸಿದರು. ಅವರ ಕಟ್ಟೆಯ ಏರಿಯ ಕೆಳಗೆ ಒಂದು ಬೆಳಗ್ಗೆ ಜಿಂಕೆಯೊಂದು ಸತ್ತು ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ, ನಾಯಿ ಕಚ್ಚಿದ ಗುರುತಿರಲಿಲ್ಲ, ಗಂಟಲು ಊದಿ ಬಾಯಲ್ಲಿ ನೊರೆ ಬಂದಿತ್ತು. ಅವರು ಹಗಲೆಲ್ಲ ಅದರ ಮೇಲೆ ಸೊಪ್ಪು ಮುಚ್ಚಿಟ್ಟು, ರಾತ್ರಿ ಮಗನೊಡನೆ ಹೋಗಿ ಗುಂಡಿ ತೋಡಿ ಹೂಳಿಬಿಟ್ಟರು. ಯಾರಿಗಾದರೂ ತಿಳಿಸಬಾರದಾಗಿತ್ತೇ ಎಂದು ನಾವು ಕೇಳಿದುದಕ್ಕೆ, "ತಿಳಿಸಿದ್ದರೆ ಕೊಂದವನು ನಾನೇ ಆಗುತ್ತಿದ್ದೆನಲ್ಲ, ಸ್ವಾಮಿ" ಎಂದರು. ಹತ್ತು ಹನ್ನೆರಡು ದಿನಗಳ ಮೇಲೆ ಅವರ ಕೊಟ್ಟಿಗೆಯಲ್ಲಿ ಎರಡು ಕರುಗಳು ಅದೇ ರೀತಿಯಲ್ಲಿ ಗಂಟಲು ಊದಿ ಸತ್ತವು. ಆ ಜಿಂಕೆಯ ಸಾವಿಗೂ ಈ ಕರುಗಳ ಸಾವಿಗೂ ಸಂಬಂಧವುಂಟೋ ಇಲ್ಲವೋ, ಉಂಟಾದರೆ ರೋಗವು ಕಾವಲಿನಿಂದ ಕೊಟ್ಟಿಗೆಗೆ ಬಂದಿತೋ ಕೊಟ್ಟಿಗೆಯಿಂದ ಕಾವಲಿಗೆ ಹೋಗಿತ್ತೋ, ಇನ್ನು ಯಾರೂ ಹೇಳಲಾರರು. ಹೇಳಬಹುದಾಗಿದ್ದ ಸಾಕ್ಷಿಯು ಮಣ್ಣಿನ ಕೆಳಗಿದೆ.

ಇದನ್ನು ಕೇಳಿದಾಗ ಸಮುದ್ರದಾಚೆಯ ಒಂದು ವೃತ್ತಾಂತವು ನಮ್ಮ ನೆನಪಿಗೆ ಬಂದಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಯು ಕಾನೂನುಸಮ್ಮತವಾದುದು. ಅಲ್ಲಿಯ ಬೇಟೆಗಾರರನ್ನು ಇಂದು ಒಂದು ರೋಗವು ಚಿಂತೆಗೀಡುಮಾಡಿದೆ. ಅದಕ್ಕೆ ಅವರು 'ಕ್ರಾನಿಕ್ ವೇಸ್ಟಿಂಗ್ ಡಿಸೀಸ್' ಎಂದು ಹೆಸರಿಟ್ಟಿದ್ದಾರೆ. ನಾವು ಸೊರಗು ರೋಗವೆನ್ನಬಹುದು. 1967ರಲ್ಲಿ ಕೊಲೊರಾಡೋ ಪ್ರಾಂತದ ಒಂದು ಸಂಶೋಧನಾಲಯದಲ್ಲಿ ಕೂಡಿಹಾಕಿದ್ದ ಜಿಂಕೆಗಳಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಪ್ರಾಣಿಯು ಮೇವಿದ್ದೂ ಕೃಶವಾಗುತ್ತದೆ, ಕಿವಿ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ಹೆಜ್ಜೆ ತಪ್ಪುತ್ತದೆ, ಮನುಷ್ಯನನ್ನು ಕಂಡರೂ ಬೆದರದೆ ನಿಲ್ಲುತ್ತದೆ, ಕಡೆಗೆ ಸಾಯುತ್ತದೆ. ಬದುಕಿ ಉಳಿದುದಿಲ್ಲ. 1978ರಲ್ಲಿ ಇದು ಮೆದುಳನ್ನು ಸ್ಪಂಜಿನಂತೆ ರಂಧ್ರಮಯ ಮಾಡುವ ವ್ಯಾಧಿಯೆಂದು ನಿರ್ಣಯವಾಯಿತು. ಇದಕ್ಕೆ ಕಾರಣವಾದುದು ಕ್ರಿಮಿಯಲ್ಲ, ವೈರಾಣುವೂ ಅಲ್ಲ. ಪ್ರಿಯಾನ್ ಎಂಬ, ಆಕಾರಗೆಟ್ಟ ಒಂದು ಸಸಾರಜನಕ ದ್ರವ್ಯ. ಅದು ಕುದಿಸಿದರೆ ನಾಶವಾಗುವುದಿಲ್ಲ. ರೋಗಿಷ್ಠ ಪ್ರಾಣಿಯ ಜೊಲ್ಲು ಮೂತ್ರಗಳ ಮೂಲಕ ನೆಲಕ್ಕೆ ಬಿದ್ದು ವರ್ಷಗಟ್ಟಲೆ ಮಣ್ಣಿನಲ್ಲಿದ್ದು, ಅಲ್ಲಿ ಮೇಯಲು ಬಂದ ಇನ್ನೊಂದು ಪ್ರಾಣಿಯನ್ನು ಹಿಡಿಯುತ್ತದೆ. ಔಷಧವಿಲ್ಲ, ಲಸಿಕೆಯಿಲ್ಲ. ಒಂದು ಆವರಣದಲ್ಲಿ ತೊಡಗಿದ ಈ ರೋಗವು ಇಂದು ಆ ದೇಶದ 30ಕ್ಕೂ ಹೆಚ್ಚು ಸಂಸ್ಥಾನಗಳಿಗೂ ಕೆನಡಾ ದೇಶಕ್ಕೂ ವ್ಯಾಪಿಸಿದೆ. ನಾರ್ವೆ ದೇಶದಲ್ಲಿ 2016ರಲ್ಲಿ ಕಾಡು ಹಿಮಸಾರಂಗವೊಂದರಲ್ಲಿ ಕಂಡುಬಂದಾಗ, ಆ ಸರಕಾರದವರು ನೂರ್ಡ್‌ಫ್ಯೆಲ್ಲ ಎಂಬ ಬೆಟ್ಟಪ್ರದೇಶದ ಒಂದು ಇಡೀ ಹಿಂಡನ್ನು, ಎರಡು ಸಾವಿರಕ್ಕೂ ಮಿಕ್ಕಿದ ಪ್ರಾಣಿಗಳನ್ನು, 2018ರೊಳಗಾಗಿ ಕೊಲ್ಲಿಸಿದರು.

ಮನುಷ್ಯರಿಗೆ ಇದು ತಗುಲಿದ ನಿದರ್ಶನವು ಈವರೆಗೆ ದೊರೆತಿಲ್ಲ. ಆದರೆ ಇದರ ದಾಯಾದಿಯಾದ ದನಗಳ ಹುಚ್ಚುರೋಗವು ಬ್ರಿಟನ್ನಿನಲ್ಲಿ 1986ರಲ್ಲಿ ಗುರುತಿಸಲ್ಪಟ್ಟು, ಮಾಂಸದ ಮೂಲಕ ಮನುಷ್ಯರನ್ನೂ ಕೊಲ್ಲುತ್ತದೆಂಬುದು 1996ರಲ್ಲಿ ಬಯಲಾದುದನ್ನು ಬಲ್ಲ ಅಮೆರಿಕದ ಬೇಟೆಗಾರನು, ತಾನು ಹೊಡೆದ ಜಿಂಕೆಯನ್ನು ಹೆಂಡತಿ ಮಕ್ಕಳ ತಟ್ಟೆಗೆ ಬಡಿಸಲು ಹಿಂಜರಿಯುತ್ತಾನೆ. ಆದುದರಿಂದ ಅದರ ತಲೆಯನ್ನು ಕಡಿದು ಸರಕಾರದ ಪರೀಕ್ಷಾಕೇಂದ್ರಕ್ಕೆ ಒಪ್ಪಿಸುತ್ತಾನೆ. ಆ ಬೇಟೆಗಾರರೂ ಅಲ್ಲಿಯ ಅಧಿಕಾರಿಗಳೂ ಎಲ್ಲ ವಿಷಯಗಳಲ್ಲಿ ಒಮ್ಮತದಿಂದಿದ್ದಾರೆಂದಲ್ಲ. 2002ರಲ್ಲಿ ವಿಸ್ಕಾನ್‌ಸಿನ್ ಪ್ರಾಂತದಲ್ಲಿ ರೋಗವು ಕಂಡುಬಂದು, ಸುತ್ತಲ ಜಿಂಕೆಗಳನ್ನೆಲ್ಲ ನಿರ್ಮೂಲ ಮಾಡಬೇಕೆಂದು ಸರಕಾರವು ಹೊರಟಾಗ, ಬೇಟೆಗಾರರೇ ವಿರೋಧಿಸಿ ನಿಂತರು. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಯಾವ ಕಾಡಿನಲ್ಲಿ ಯಾವ ವರ್ಷ ಎಷ್ಟು ಜಿಂಕೆಗಳಲ್ಲಿ ಈ ರೋಗವಿತ್ತೆಂದು ಆ ದೇಶವು ಇಂದು ಹೇಳಬಲ್ಲುದಾದರೆ, ಅದು ಬಹುಮಟ್ಟಿಗೆ ಈ ಬೇಟೆಗಾರರು ತಂದೊಪ್ಪಿಸಿದ ತಲೆಗಳ ಬಲದಿಂದ. ಅಲ್ಲಿ ಕಾಡಿಗೆ ಒಬ್ಬ ಕಾಣುವವನಿದ್ದಾನೆ. ಮತ್ತು ಅವನು ಕಂಡುದನ್ನು ಹೇಳಲು ಹೆದರುವುದಿಲ್ಲ.

ಭಾರತದಲ್ಲಿ ಸೊರಗು ರೋಗವು ಕಂಡುಬಂದ ವರದಿಯಿಲ್ಲ. ಇಲ್ಲದ ರೋಗವನ್ನು ಹೇಳಿ ನಮ್ಮ ಜನರನ್ನು ಬೆದರಿಸುವುದು ನಮ್ಮ ಉದ್ದೇಶವಲ್ಲ. ಆದರೆ ದಕ್ಷಿಣ ಕೊರಿಯಕ್ಕೂ ಇದು ಒಂದು ಕಾಲಕ್ಕೆ ಇಲ್ಲದ ರೋಗವೇ ಆಗಿತ್ತು. ಕೆನಡಾದಿಂದ ತರಿಸಿದ ಎಲ್ಕ್ ಜಿಂಕೆಗಳೊಡನೆ ಅಲ್ಲಿಗೆ ಹೋಗಿ 2001ರಲ್ಲಿ ಪತ್ತೆಯಾಯಿತು. ವಿದೇಶದ ಮೃಗಗಳನ್ನು ತರಿಸಿ ತಮ್ಮ ಉದ್ಯಾನಗಳ ಶೋಭೆಯನ್ನು ಹೆಚ್ಚಿಸಿಕೊಳ್ಳುವ ಧನಿಕರ ಹವ್ಯಾಸವು ನಮ್ಮ ದೇಶದಲ್ಲಿಯೂ ಬೆಳೆಯುತ್ತಿರುವುದರಿಂದ, ಪಶುಗಳ ಆಮದಿನ ಬಗ್ಗೆ 1898ರಷ್ಟು ಹಿಂದೆಯೇ ಕಾಯಿದೆಯುಳ್ಳ ಕೇಂದ್ರ ಸರಕಾರವು ಆ ದೇಶಗಳ ಜಿಂಕೆಜಾತಿಯ ಯಾವ ಪ್ರಾಣಿಗೂ ನಮ್ಮ ರೇವುಗಳಲ್ಲಿ ಪ್ರವೇಶ ಕೊಡದಿರುವುದು ಲೇಸು. ಇಷ್ಟು ಹೇಳಿ ಮನೆಯ ಮಾತಿಗೆ ಬರೋಣ. ನಮ್ಮ ಕಾವಲುಗಳಿಗೆ ಪರದೇಶದ ರೋಗವೇ ಬರಬೇಕಾಗಿಲ್ಲ; ಸ್ವದೇಶದವೇ ಸಾಕಷ್ಟಿವೆ.

2025ರ ನವೆಂಬರಿನಲ್ಲಿ ಬೆಳಗಾವಿಯ ಸಮೀಪದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಒಂದು ವಾರದೊಳಗೆ 31 ಕೃಷ್ಣಮೃಗಗಳು ಸತ್ತುದನ್ನು ವಾಚಕರು ಮರೆತಿರಲಾರರು. ಪರೀಕ್ಷೆಯಿಂದ ಹೊರಬಿದ್ದ ಕಾರಣವು ಗಳಲೆ ರೋಗ. ನಮ್ಮ ಯಾವ ರೈತನಿಗೂ ಈ ಹೆಸರು ಹೊಸದಲ್ಲ. ಮಳೆಗಾಲ ಬಂದಿತೆಂದರೆ ದನ ಎಮ್ಮೆಗಳನ್ನು ಗಂಟಲು ಊದಿಸಿ ಒಂದೆರಡು ದಿನಗಳಲ್ಲಿ ಕೊಂಡೊಯ್ಯುವ ಹಳೆಯ ಶತ್ರುವದು. ಮೃಗಾಲಯಕ್ಕೆ ಆದ ನಷ್ಟವು ಶೋಚನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಾವು ಅದರಲ್ಲಿ ಇನ್ನೊಂದನ್ನೂ ಕಾಣುತ್ತೇವೆ. ಅಲ್ಲಿ ಸಾವನ್ನು ಎಣಿಸಲು ಕಾವಲುಗಾರನಿದ್ದನು, ಶವವನ್ನು ಪರೀಕ್ಷಿಸಲು ವೈದ್ಯರು ಬಂದರು, ರಾಜ್ಯವೆಲ್ಲ ಪ್ರಶ್ನೆ ಕೇಳಿತು, ಕೆಲವೇ ದಿನಗಳಲ್ಲಿ ಉತ್ತರವೂ ದೊರೆಯಿತು. ಅದೇ 31 ಪ್ರಾಣಿಗಳು ಬೇಲಿಯಿಲ್ಲದ ಬಯಲಿನಲ್ಲಿ ಸತ್ತಿದ್ದರೆ? ಒಂದು ಹಳ್ಳದಲ್ಲಿ ಎರಡು, ಒಬ್ಬನ ಹೊಲದಲ್ಲಿ ಒಂದು, ಪೊದೆಯ ಮರೆಯಲ್ಲಿ ನಾಲ್ಕು. ನಾಯಿಗಳಿಗೆ ಕೆಲವು, ಗುಂಡಿಗೆ ಕೆಲವು. ಯಾರ ದಫ್ತರದಲ್ಲಿಯೂ ಒಂದು ಸಾಲು ಏರುತ್ತಿರಲಿಲ್ಲ.

ಈ ಬಯಲು ನಮ್ಮ ಕಣ್ಣೆದುರಿಗೇ ಇದೆ. ಅರಸೀಕೆರೆಗೆ ಅಂಟಿಕೊಂಡ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳು ವಾಸವಾಗಿವೆ. 2011ರಲ್ಲಿ ಅಲ್ಲಿಯ ಸುಮಾರು 7 ಚದರ ಕಿಲೋಮೀಟರ್ ಹುಲ್ಲುಗಾವಲನ್ನು ಸರಕಾರವು ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಮೈಸೂರು ದೊರೆಗಳ ಬೆಣ್ಣೆಚಾವಡಿಯ ಕಾಲದಿಂದ ಈ ಸೀಮೆಯ ಕಾವಲುಗಳು ದನಗಳಿಗಾಗಿ ಮೀಸಲಾದವು. ದನಗಳಿದ್ದುದರಿಂದಲೇ ಹುಲ್ಲು ಉಳಿಯಿತು, ಹುಲ್ಲಿದ್ದುದರಿಂದ ಮೃಗವೂ ಉಳಿಯಿತು. ದನ, ಕುರಿ, ಕೃಷ್ಣಮೃಗ ಮೂರಕ್ಕೂ ಒಂದೇ ಮೇವು, ಬೇಸಗೆಯಲ್ಲಿ ಒಂದೇ ಕಟ್ಟೆಯ ಕೊಳೆನೀರು. ಬೇಲೂರಿನ ಕಡೆಗೆ ಹೋದಂತೆ ಬಯಲು ಮುಗಿದು ಮಲೆಯ ಸೆರಗು ತೊಡಗುತ್ತದೆ. ಅಲ್ಲಿ ಕಡವೆ, ಕಾಡುಕುರಿ, ಹಂದಿಗಳು ಕಾಫಿಯ ತೋಟಗಳ ಒಳಗೇ ನಡೆದಾಡುತ್ತವೆ. ಹೀಗಿರುವಲ್ಲಿ ಊರಿನ ರೋಗ, ಕಾಡಿನ ರೋಗ ಎಂಬ ಎರಡು ಖಾತೆಗಳನ್ನು ಬೇರೆಬೇರೆ ಕಚೇರಿಗಳಲ್ಲಿ ಬರೆದಿಟ್ಟರೆ ರೋಗವೇನೂ ಆ ಗಡಿಯನ್ನು ಮನ್ನಿಸುವುದಿಲ್ಲ.

ಮನ್ನಿಸಲಿಲ್ಲವೆಂಬುದಕ್ಕೆ ನಮ್ಮ ರಾಜ್ಯದ ಇತಿಹಾಸವೇ ಸಾಕ್ಷಿ. 1968ರಲ್ಲಿ ಬಂಡೀಪುರ ಮುದುಮಲೆಗಳ ಕಾಡಿಗೆ ದೊಡ್ಡರೋಗವು ಹೊಕ್ಕು ಕಾಟಿಗಳ ಹಿಂಡುಗಳನ್ನೇ ಬರಿದುಮಾಡಿತು. ಅದು ದನಗಳ ರೋಗ. ಆ ದೊಡ್ಡರೋಗದ ಕೊನೆಯೂ ಇಲ್ಲಿ ಸ್ಮರಣೀಯವಾದುದು. 1954ರಲ್ಲಿ ತೊಡಗಿದ ರಾಷ್ಟ್ರೀಯ ಕಾರ್ಯವು ಅರ್ಧಶತಮಾನ ನಡೆದು, 2006ರಲ್ಲಿ ಭಾರತವು ರೋಗಮುಕ್ತವೆನಿಸಿಕೊಂಡಿತು. 2011ರಲ್ಲಿ ಇಡೀ ಭೂಮಂಡಲವೇ ಮುಕ್ತವಾಯಿತು. ಇದು ಲಸಿಕೆಯೊಂದರಿಂದಲೇ ಸಾಧ್ಯವಾದುದಲ್ಲ. ಕೊನೆಯ ಹಂತದಲ್ಲಿ ನಮ್ಮ ಪಶುವೈದ್ಯರು ಹಳ್ಳಿಹಳ್ಳಿಯನ್ನು ಸುತ್ತಿ, ದನಗಳನ್ನು ಹೊಡೆದುಕೊಂಡು ಹೋಗುವ ದಾರಿಗಳಲ್ಲಿ ನಿಂತು, ಬಾಯಿಹುಣ್ಣಿನ ದನವನ್ನು ಕಂಡಿರಾ ಎಂದು ಕೇಳಿದರು, ಜನರು ಹೇಳಿದರು. ಹೇಳಿದವನ ಮೇಲೆ ಯಾರೂ ಮೊಕದ್ದಮೆ ಹೂಡಲಿಲ್ಲ.

ಇದಕ್ಕಿಂತಲೂ ಹತ್ತಿರದ ನಿದರ್ಶನವು ಮಲೆನಾಡಿನ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದರ ಬೆನ್ನಿಗೇ ಮನುಷ್ಯರೂ ಜ್ವರದಿಂದ ಮಲಗಿದರು. ಉಣುಗುಗಳಿಂದ ಹರಡುವ ಆ ವೈರಾಣುವನ್ನು ಪುಣೆಯ ಸಂಶೋಧನಾಲಯದವರು ಕಂಡುಹಿಡಿದುದಕ್ಕೆ ಸತ್ತ ಮಂಗಗಳೇ ದಾರಿದೀಪವಾದವು. ಅಂದಿನಿಂದ ಮಲೆನಾಡಿಗನು ಒಂದು ಪಾಠವನ್ನು ಕಲಿತಿದ್ದಾನೆ: ಮಂಗ ಸತ್ತು ಬಿದ್ದಿದ್ದರೆ ಆಸ್ಪತ್ರೆಗೆ ಸುದ್ದಿ ಮುಟ್ಟಿಸತಕ್ಕದ್ದು. ಸುದ್ದಿ ಮುಟ್ಟಿದೊಡನೆ ಅವರು ಬಂದು ಪರೀಕ್ಷೆಗೆ ಅಂಶಗಳನ್ನು ತೆಗೆದುಕೊಂಡು, ಸುತ್ತಲೂ ಔಷಧ ಸಿಂಪಡಿಸಿ, ಆ ಕಡೆಗೆ ಹೋಗಬೇಡಿರೆಂದು ಜನರನ್ನು ಎಚ್ಚರಿಸುತ್ತಾರೆ. ಮಂಗವೂ ಕಾಡುಮೃಗವೇ, ಅರಣ್ಯದ ಕಾನೂನು ಅದಕ್ಕೂ ಇದೆ. ಆದರೂ ಸತ್ತ ಮಂಗನ ಸುದ್ದಿ ತಂದವನನ್ನು ಯಾರೂ ಕೊಲೆಗಾರನೆಂದು ನೋಡುವುದಿಲ್ಲ. ಮಂಗಕ್ಕೆ ಸಲ್ಲುವ ನ್ಯಾಯವು ಜಿಂಕೆಗೆ ಏಕೆ ಸಲ್ಲಬಾರದು? ಮಂಗನ ಮಾಂಸಕ್ಕೆ ಬೆಲೆಯಿಲ್ಲ, ಜಿಂಕೆಯ ಮಾಂಸಕ್ಕೆ ಇದೆ ಎಂಬುದೇ ಉತ್ತರವೆಂದು ನಾವು ಬಲ್ಲೆವು. ಅರಣ್ಯಾಧಿಕಾರಿಗಳ ಸಂಶಯವು ಪೂರ್ತಿ ನಿರಾಧಾರವಾದುದಲ್ಲ. ಉರುಲು ಹಾಕಿ ಹಿಡಿದವನೂ ಸಿಕ್ಕಿಬಿದ್ದಾಗ "ತಾನೇ ಸತ್ತಿತ್ತು" ಎಂದೇ ಹೇಳುತ್ತಾನೆ. ಆದರೆ ಉರುಲಿನ ಗೀರು, ಗುಂಡಿನ ತೂತು, ವಿಷದ ಕುರುಹು, ರೋಗದ ಊತ ಇವುಗಳ ಭೇದವನ್ನು ಹೇಳುವುದಕ್ಕಾಗಿಯೇ ಶವಪರೀಕ್ಷೆಯೆಂಬ ವಿದ್ಯೆಯಿದೆಯಲ್ಲವೆ? ಪರೀಕ್ಷೆಗೆ ಮೊದಲೇ ತೀರ್ಪಿತ್ತರೆ ಕಳ್ಳನು ಮೌನದಿಂದಿರುತ್ತಾನೆ, ನಿರಪರಾಧಿಯೂ ಮೌನದಿಂದಿರುತ್ತಾನೆ. ಕಚೇರಿಗೆ ಇಬ್ಬರೂ ಒಂದೇ.

ಈ ಭಯವು ನಿನ್ನೆ ಮೊನ್ನೆಯದಲ್ಲ. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ನೂ ಅದರ ಮರುವರ್ಷದ ಮೃಗ ಮತ್ತು ಮತ್ಸ್ಯ ಸಂರಕ್ಷಣೆಯ ರೆಗ್ಯುಲೇಷನ್ನೂ ಬಂದ ಕಾಲದಲ್ಲಿ, ದೊರೆಗಳಿಗೂ ದೊರೆಗಳ ಗೋರಾ ಅತಿಥಿಗಳಿಗೂ ಬೇಟೆಯು ವಿನೋದವಾಗಿತ್ತು, ರೈತನಿಗೆ ಅಪರಾಧವಾಗಿತ್ತು. ಅಂದು ಕಾಡಿನ ಗಾರ್ಡನಿಗೂ ಹಳ್ಳಿಗನಿಗೂ ನಡುವೆ ಎದ್ದ ಗೋಡೆಯನ್ನು ಸ್ವರಾಜ್ಯವು ಬಂದು ಮುಕ್ಕಾಲು ಶತಮಾನ ಕಳೆದರೂ ನಾವು ಕೆಡವಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಿದುದು ಸರಿ. ಅಮೆರಿಕದ ಮಾತನ್ನು ಎತ್ತಿದೆವೆಂದು ಕೆಲವು ಷಿಕಾರಿ ಮಿತ್ರರು ನಮ್ಮಿಂದ ಬೇಟೆಯ ಪುನಃಸ್ಥಾಪನೆಗೆ ಬೆಂಬಲವನ್ನು ನಿರೀಕ್ಷಿಸಿದರೆ ಅವರಿಗೆ ಆಶಾಭಂಗವಾಗುವುದು. ನಮ್ಮ ಬಯಲಿನಲ್ಲಿ ಉಳಿದಿರುವ ಮೃಗವು ಈ ಕಾಯಿದೆಯಿಂದಲೇ ಉಳಿದಿದೆ. ಅದೇ ಕಾಯಿದೆಯ 39ನೆಯ ಪ್ರಕರಣದ ಪ್ರಕಾರ ಕಾಡುಮೃಗವು, ಬದುಕಿದ್ದರೂ ಸತ್ತಿದ್ದರೂ, ಸರಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದರೂ 48 ಗಂಟೆಗಳೊಳಗೆ ಠಾಣೆಗೋ ಅಧಿಕಾರಿಗೋ ತಿಳಿಸತಕ್ಕದ್ದು. ಅಂದರೆ ಕಾನೂನು ಬಯಸುವುದು ಹೇಳುವವನನ್ನೇ, ಹೂಳುವವನನ್ನಲ್ಲ. ಇದನ್ನು ಎಷ್ಟು ಹಳ್ಳಿಗಳಲ್ಲಿ ಯಾರು ಓದಿ ಹೇಳಿದ್ದಾರೆ? ಶಿಕ್ಷೆಯ ಭಾಗವು ಮಾತ್ರ ಪ್ರತಿಯೊಬ್ಬನಿಗೂ ಕಂಠಪಾಠವಾಗಿದೆ.

ಬೇಟೆಯು ನಿಂತಾಗ ಬೇಟೆಗಾರನ ಕಣ್ಣೂ ಮುಚ್ಚಿಹೋಯಿತೆಂಬುದು ಯಾರೂ ಉದ್ದೇಶಿಸದೆ ಆದ ನಷ್ಟ. ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಬೇಟೆಗಾರ್ತಿಯೊಬ್ಬಳಿದ್ದಾಳೆ. ಅವಳ ಪಕ್ಕದ ಪುಟ್ಟ ಪರಿಚಾರಕರಲ್ಲಿ ಒಬ್ಬರು ಹೊಡೆದ ಜಿಂಕೆ ಕೊಕ್ಕರೆಗಳನ್ನು ಬಿದಿರ ದಬ್ಬೆಯ ತುದಿಗಳಿಗೆ ಕಟ್ಟಿ ಹೊತ್ತಿದ್ದಾರೆ; ಇನ್ನೊಬ್ಬರು ಕಾಲಿಗೆ ಹೊಕ್ಕ ಮುಳ್ಳನ್ನು ತೆಗೆಸಿಕೊಳ್ಳುತ್ತಿದ್ದಾರೆ. ಶಿಲ್ಪವನ್ನು ನೋಡಲು 2023ರ ವಿಶ್ವಪರಂಪರೆಯ ಮನ್ನಣೆಯ ಮೇಲೆ ದೇಶವಿದೇಶಗಳವರು ಬರುತ್ತಾರೆ; ಆ ಮುಳ್ಳಿನ ಅರ್ಥವು ಕಾಡಿನಲ್ಲಿ ನಡೆದವನಿಗೇ ತಿಳಿಯುವುದು. ಯುಗಾದಿಯ ವರ್ಷತೊಡಕಿಗೆ ಊರೊಟ್ಟಾಗಿ ಕಾಡಿಗೆ ಹೋಗುತ್ತಿದ್ದ ಹಿರಿಯರು ಪ್ರಾಣಿಯ ಹೊಟ್ಟೆ ಸೀಳಿದೊಡನೆ ಯಕೃತ್ತಿನ ಬಣ್ಣವನ್ನು ನೋಡಿ ಇದು ತಿನ್ನಬಹುದಾದ ಮಾಂಸ, ಇದಲ್ಲ ಎಂದು ವಿಂಗಡಿಸುತ್ತಿದ್ದರು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಬಂಧುಗಳು ಇಂದು ಬೇಟೆಯನ್ನು ಬಿಟ್ಟು ಕೇಶತೈಲದ ವ್ಯಾಪಾರದಲ್ಲಿ ಹೆಸರಾಗಿದ್ದಾರೆ. ಅವರ ಮುದುಕರಿಗೆ ಹೆಜ್ಜೆಯನ್ನು ನೋಡಿಯೇ ಕುಂಟುವ ಪ್ರಾಣಿ ಯಾವುದೆಂದು ಹೇಳುವ ವಿದ್ಯೆ ಇನ್ನೂ ಮರೆತಿರಲಾರದು. ದಿನವೂ ಕಾವಲಿನಲ್ಲಿಯೇ ಇರುವ ಕುರುಬರ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಇಂಥವರಲ್ಲಿ ಊರಿಗೊಬ್ಬರನ್ನು ಆರಿಸಿ, ತಿಂಗಳಿಗಿಷ್ಟೆಂದು ಗೌರವಧನವನ್ನು ಕೊಟ್ಟು, ಕಂಡ ಸಾವನ್ನು ತಿಳಿಸುವ ಹೊಣೆಯನ್ನು ವಹಿಸಿದರೆ, ಅಮೆರಿಕವು ಬಂದೂಕಿನಿಂದ ಪಡೆದ ತಿಳಿವಳಿಕೆಯನ್ನು ನಾವು ಬಂದೂಕಿಲ್ಲದೆಯೇ ಪಡೆಯಬಹುದು.

ಆದರೆ ತಿಳಿಸುವುದೇ ಬೇರೆ, ಮುಟ್ಟುವುದೇ ಬೇರೆ. ಕಾರಣ ತಿಳಿಯದೆ ಸತ್ತ ಪ್ರಾಣಿಯನ್ನು, ಅದು ಜಿಂಕೆಯಾಗಲಿ ದನವಾಗಲಿ, ಯಾರೂ ಕೊಯ್ಯಲಾಗದು. ಅದು ಅಂಥ್ರಾಕ್ಸ್ ಆಗಿದ್ದ ಪಕ್ಷದಲ್ಲಿ, ಕೊಯ್ದು ಗಾಳಿ ತಾಗಿದೊಡನೆ ರೋಗಬೀಜಗಳು ಗಟ್ಟಿ ಕವಚವನ್ನು ತಳೆದು ಹತ್ತಾರು ವರ್ಷ ಆ ನೆಲದಲ್ಲಿಯೇ ಉಳಿಯುತ್ತವೆ. ಕೊಯ್ದವನ ಕೈಗೂ ಹತ್ತುತ್ತವೆ. ವೈದ್ಯನು ಮೊದಲು ಕಿವಿಯ ಒಂದು ತೊಟ್ಟು ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ಅನಂತರ ಕತ್ತಿ ಹಿಡಿಯುವುದು ಇದಕ್ಕಾಗಿಯೇ. ಆದುದರಿಂದ ಶವವು ವೈದ್ಯನ ಬಳಿಗೆ ಬರಬೇಕಾದುದಲ್ಲ, ವೈದ್ಯನು ಶವದ ಬಳಿಗೆ ಬರಬೇಕಾದುದು. ಪಶುವೈದ್ಯರು ಸಾಲದೆಂಬ ಆಕ್ಷೇಪಣೆಯನ್ನು ನಾವು ಮೊದಲೇ ಕೇಳಬಲ್ಲೆವು. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುರೋಗಗಳನ್ನು ಪತ್ತೆಹಚ್ಚುವ ಸರಕಾರೀ ಸಂಸ್ಥೆಯಿದೆ. ಅರಸೀಕೆರೆಯ ಬಯಲಿನಿಂದ ಹಾಸನಕ್ಕೆ ಒಂದು ಸೀಸೆಯು ಹೋಗಿ ಸೇರಲು ಒಂದು ಪೂರ್ವಾಹ್ನ ಸಾಕು. ಆ ಸೀಸೆಯನ್ನು ತುಂಬುವವನು ಯಾರು, ಒಯ್ಯುವವನು ಯಾರು, ಅದರ ವೆಚ್ಚವು ಅರಣ್ಯ ಇಲಾಖೆಯದೋ ಪಶುವೈದ್ಯ ಇಲಾಖೆಯದೋ ಎಂಬ ಲೇಖನ ಪ್ರತಿಲೇಖನಗಳಲ್ಲಿ ಶವವು ಕೊಳೆಯದಂತೆ ಜಿಲ್ಲಾಧಿಕಾರಿಗಳು ಒಂದು ಆಜ್ಞೆಯಿಂದ ನಿರ್ಧರಿಸಬೇಕು.

ರೈತಮಹಾಶಯರಿಗೂ ಒಂದು ಮಾತನ್ನು ಹೇಳದೆ ಬಿಡಲಾಗದು. ರೋಗವು ಬಹುಸಲ ನಮ್ಮ ಕೊಟ್ಟಿಗೆಯಿಂದಲೇ ಹೊರಡುತ್ತದೆ. 2022ರಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲೆಲ್ಲ ಹಬ್ಬಿದಾಗ ಸತ್ತ ದನಗಳನ್ನು ಕಾವಲಿನ ಹಳ್ಳಗಳಿಗೆ ಎಳೆದುಹಾಕಿದವರು ಯಾರು? ಹಿಂದಿನ ಕಾಲದಲ್ಲಿ ಹಾಗೆ ಬಿಸುಟ ಶವವನ್ನು ರಣಹದ್ದುಗಳು ಅರ್ಧ ದಿನದಲ್ಲಿ ಎಲುಬುಮಾತ್ರ ಮಾಡುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಆ ಪಕ್ಷಿಗಳನ್ನೇ ಕೊಂದುಹಾಕಿತು; 2006ರಲ್ಲಿ ಅದಕ್ಕೆ ನಿಷೇಧ ಬರುವಷ್ಟರಲ್ಲಿ ಹದ್ದುಗಳು ನಮ್ಮ ಆಕಾಶದಿಂದ ಕಣ್ಮರೆಯಾಗಿದ್ದವು. ಈಗ ಆ ಕೆಲಸಕ್ಕೆ ನಾಯಿಗಳು ಬಂದಿವೆ. ಅವು ಶವವನ್ನು ತಿಂದು ಮುಗಿಸುವುದಿಲ್ಲ, ಎಳೆದಾಡಿ ಹರಡುತ್ತವೆ. ಶವವಿಲ್ಲದ ದಿನ ಬದುಕಿರುವ ಜಿಂಕೆಯ ಬೆನ್ನು ಹತ್ತುತ್ತವೆ. ಕಾಲುಬಾಯಿ ಜ್ವರಕ್ಕೆ 2019ರಿಂದ ಕೇಂದ್ರದ ವೆಚ್ಚದಲ್ಲಿ ಉಚಿತ ಲಸಿಕೆಯು ಮನೆಬಾಗಿಲಿಗೆ ಬರುತ್ತಿದೆ. ಆದರೂ ಹಾಲು ಕಡಿಮೆಯಾದೀತೆಂದು ಹಸುವನ್ನು ಹಿತ್ತಲಿಗೆ ಅಟ್ಟಿ, ಇಲ್ಲವೆಂದು ಹೇಳಿ ಕಳುಹಿಸುವ ಮನೆಗಳನ್ನು ನಾವು ಬಲ್ಲೆವು. ಗಳಲೆ ರೋಗದ ಲಸಿಕೆಯು ಮಳೆಗೆ ಮೊದಲು ಬಿದ್ದರೆ ಮಾತ್ರ ಫಲ. ಇಲಾಖೆಯವರು ಪ್ರತಿವರ್ಷವೂ ಆ ಕಾರ್ಯವನ್ನು ಕಾವಲಿನ ಮತ್ತು ಕಾಡಿನ ಅಂಚಿನ ಗ್ರಾಮಗಳಿಂದ ಆರಂಭಿಸಲಿ. ಪೇಟೆಯ ಸುತ್ತಣ ಹಳ್ಳಿಗಳು ಅನಂತರ ಬರಲಿ. ಅಂಚಿನ ಒಂದು ಹಿಂಡಿಗೆ ಹಾಕಿದ ಲಸಿಕೆಯು ಆ ಹಿಂಡಿನೊಡನೆ, ಲಸಿಕೆ ಹಾಕಲಾಗದ ಇನ್ನೊಂದು ಹಿಂಡನ್ನೂ ಕಾಯುತ್ತದೆ.

ಅರಣ್ಯ ಇಲಾಖೆಯವರನ್ನು ನಾವು ಕೇಳುವುದು ಇಷ್ಟು. ಅರಸೀಕೆರೆ, ಬೇಲೂರು, ಕಡೂರು ತಾಲ್ಲೂಕುಗಳಲ್ಲಿ ತಿಂಗಳಿಗೆ ಎಷ್ಟು ಕಾಡುಮೃಗಗಳು ಸತ್ತು ಕಂಡುಬಂದವು, ಎಷ್ಟನ್ನು ಪರೀಕ್ಷಿಸಲಾಯಿತು, ಕಾರಣವೇನೆಂದು ತಿಳಿಯಿತು ಎಂಬ ಪಟ್ಟಿಯೊಂದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೂ ಅಂಟಿಸಿರಿ, ಪತ್ರಿಕೆಗಳಿಗೂ ಕೊಡಿರಿ. ಪತ್ರಿಕೆಯಲ್ಲಿ ಸ್ಥಳವಿಲ್ಲವೆಂಬ ಮಾತು ನಮ್ಮಿಂದ ಬರುವುದಿಲ್ಲ. ಸುದ್ದಿ ತಂದವನಿಗೆ ಒಂದು ರಸೀದಿಯನ್ನು ಕೊಡಿರಿ. ಇಂಥವರು ಇಂಥ ದಿನ ಇಂಥ ಹೊತ್ತಿಗೆ ತಾವಾಗಿ ಬಂದು ತಿಳಿಸಿದರೆಂದು ಅದರಲ್ಲಿ ಮೊಹರಿರಲಿ. ಮುಂದೆ ಯಾರಾದರೂ ಪ್ರಶ್ನಿಸಿದರೆ ತೋರಿಸಲು ಅವನ ಕೈಯಲ್ಲಿ ಒಂದು ಕಾಗದವಿದ್ದಂತಾಗುತ್ತದೆ.

ಆ ಏರ್ಪಾಡು ಆಗುವ ತನಕ ನಮ್ಮ ಕಡೆಯಿಂದ ಆಗುವುದನ್ನು ನಾವು ಮಾಡುತ್ತೇವೆ. ತಮ್ಮ ಹೊಲ, ತೋಟ, ಕಾವಲುಗಳಲ್ಲಿ ಗಾಯವಿಲ್ಲದೆ ಸತ್ತ ಜಿಂಕೆ, ಕಡವೆ, ಕೃಷ್ಣಮೃಗ, ಕಾಡುಕುರಿಗಳನ್ನು ಕಂಡವರು ಮೊದಲು ಹತ್ತಿರದ ಪಶುವೈದ್ಯರಿಗೂ ಅರಣ್ಯಾಧಿಕಾರಿಗಳಿಗೂ ತಿಳಿಸಲಿ. ಒಡನೆ ನಮಗೂ ಒಂದು ಕಾರ್ಡು ಬರೆಯಲಿ. ಊರು, ದಿನ, ಪ್ರಾಣಿಯ ಗುರುತು, ಸುತ್ತಮುತ್ತ ದನ ಕುರಿಗಳಲ್ಲಿ ಕಾಯಿಲೆಯಿದ್ದರೆ ಅದು, ಇಷ್ಟಿದ್ದರೆ ಸಾಕು. ಬರೆದವರ ಹೆಸರನ್ನು ಪ್ರಕಟಿಸುವುದಿಲ್ಲ. ಬಂದ ಕಾರ್ಡುಗಳ ಸಾರಾಂಶವನ್ನು ಪ್ರತಿ ತಿಂಗಳ ಮೊದಲನೆಯ ಸೋಮವಾರ ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ; ಒಂದೇ ಕಾರ್ಡು ಬಂದರೆ ಒಂದನ್ನೇ.